ಕನ್ಸೀಟ್ ಯಾರದು?

೨ ಫೆಬ್ರವರಿ

ಚಿಲಕನಿಗೆ,

ನಿನ್ನ ಅರ್ಜಿ ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆಗೆ ಇಂಗ್ಲಿಷಿನ ಬಟ್ಟೆ ತೊಟ್ಟು ಅಂಚೆಪೆಟ್ಟಿಗೆಗೆ ಬಿತ್ತು. ಮೂರು ದಿನದಲ್ಲಿ, ಹೊಸ ಹಾಲ್‌ಗೆ ಕುರ್ಚಿ ಬೆಂಚು ಮಾಡಿಸುತ್ತಿರುವ ಮಕ್ಕಳ ಆಸ್ಪತ್ರೆಯ ಸಮಿತಿಗೆ ತಲುಪುತ್ತದೆ. ನೀನು ಮೊದಲೇ ರುಜು ಹಾಕಿ ಕಳಿಸಿದ್ದ ಖಾಲಿ ಹಾಳೆಯಲ್ಲಿ ಕೊನೆಯ ಪ್ಯಾರಾ ಅಳತೆ ತೆಗೆದ ಹಾಗೆ ಕೂತಿತು. ಖಾಲಿ ಹಾಳೆಗೆ ರುಜು ಹಾಕಿ ಇನ್ನೊಬ್ಬರ ಕೈಗೆ ಕೊಡುವ ಗಂಡಸು ಭೂಮಿಯ ಮೇಲೆ ನೀನೊಬ್ಬನೇ ಇರಬೇಕು. ಆ ಇನ್ನೊಬ್ಬರು ಅಕ್ಕನಾದ್ದಕ್ಕೆ ನೀನು ಬಚಾವಾದೆ.

ನಿನ್ನ ಕನ್ನಡದ ಆರು ಪುಟಗಳಲ್ಲಿ ಮೂವತ್ತೊಂದು ತಪ್ಪುಗಳಿದ್ದವು. ಕೆಂಪು ಶಾಯಿಯಲ್ಲಿ ತಿದ್ದಿ ಇದೇ ಕವರಿನಲ್ಲಿ ವಾಪಸ್ ಇಟ್ಟಿದ್ದೇನೆ. 'ಆಸ್ಪತ್ರೆ'ಯನ್ನು ನಾಲ್ಕು ತರಹ ಬರೆಯಬಹುದೆಂದು ನನಗೆ ಗೊತ್ತಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡ, ಇಪ್ಪತ್ತೆರಡು ವರ್ಷ ಅರ್ಥಕೋಶದ ಕಚೇರಿಯಲ್ಲಿ ಕರಡು ತಿದ್ದಿದವಳ ಕೈ ಸುಮ್ಮನಿರುವುದಿಲ್ಲ.

ತಪ್ಪು ಹಾಗಿರಲಿ, ವಿಷಯ ಮಾತ್ರ ಅದ್ಭುತ ಕಣೋ. ಡಾಕ್ಟರಿಗಾಗಿ ಕಾಯುವ ಹಾಲ್‌ನಲ್ಲಿ ಮಗುವಿನ ಜೊತೆ ಕುರ್ಚಿಗಳೂ ಡಾಕ್ಟರಿಗಾಗಿಯೇ ಕಾಯುತ್ತಿವೆ ಅನ್ನುವುದು! ಒಂದು ಬೆಂಚಿಗೆ ಕಾಲು ಮುರಿದು ಬ್ಯಾಂಡೇಜು, ಒಂದು ಸ್ಟೂಲಿಗೆ ಹಲ್ಲುನೋವಿನಿಂದ ಕೆನ್ನೆ ಊದಿದೆ, ತೂಗುಕುರ್ಚಿಗೆ ಚಳಿಜ್ವರ. ಹೆದರಿಕೊಂಡು ಬಂದ ಮಗು ಕುರ್ಚಿಗೇ ಧೈರ್ಯ ಹೇಳುತ್ತದೆ ಎಂದು ನೀನು ಬರೆದಿದ್ದೀಯಲ್ಲ, ಅದನ್ನು ಓದಿ ಕಚೇರಿಯಲ್ಲೇ ಕಣ್ಣೊರೆಸಿಕೊಂಡೆ. ಪಕ್ಕದ ಮೇಜಿನವರು ಧೂಳು ಅಂದುಕೊಂಡರು.

ನಿನ್ನ ಕಲ್ಪನೆಗೆ ತಕ್ಕ ಇಂಗ್ಲಿಷ್ ಬರೆದಿದ್ದೇನೆ ಎಂದು ನಾನೇ ಹೇಳಿಕೊಳ್ಳುತ್ತೇನೆ. ಒಂದು ವಾಕ್ಯವನ್ನಂತೂ ಬರೆದ ಮೇಲೆ ಮೂರು ಸಲ ಓದಿಕೊಂಡೆ. ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ನೀನು ಮರ ಕೀಸುವ ಮಿಷನ್ನಿಗೆ ಎರಡೂ ಕಿವಿ ಒಪ್ಪಿಸಿ ಕೂತವನು. ನಮ್ಮಿಬ್ಬರಿಗೆ ಕಾಗದವೇ ಗತಿ.

ನಿನ್ನ ಅಕ್ಕ


೧೨ ಫೆಬ್ರವರಿ

ಕೆಂಪುಶಾಯಿ ಅಕ್ಕನಿಗೆ,

ತಿದ್ದಿದ ಪುಟಗಳು ಬಂದವು. ಸಿಡುಬು ಎದ್ದ ಹಾಗಿವೆ. ನನ್ನವಳು ನೋಡಿ, "ನಿಮ್ಮ ಕಾಗದಕ್ಕೇ ಮೊದಲು ಆ ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಕೊಡ್ಸಿ" ಅಂದಳು.

ಸಮಿತಿಯವರು ಕರೆದರೆ ತೋರಿಸಲು ಹಲ್ಲುನೋವಿನ ಸ್ಟೂಲನ್ನು ಮಾಡಲು ಶುರು ಮಾಡಿದ್ದೇನೆ. ಕೆನ್ನೆ ಎಷ್ಟು ಊದಬೇಕು ಎನ್ನುವುದೇ ದೊಡ್ಡ ಯೋಚನೆಯಾಗಿದೆ. ಹೆಚ್ಚು ಊದಿದರೆ ಮಗು ಹೆದರುತ್ತದೆ, ಕಡಿಮೆಯಾದರೆ ಮರದ ಗಂಟು ಅಂದುಕೊಳ್ಳುತ್ತದೆ. ನಾಲ್ಕು ದಿನದಿಂದ ಉಪ್ಪುಕಾಗದ ಹಿಡಿದು ಅದರ ಕೆನ್ನೆ ಸವರುತ್ತಾ ಕೂತಿದ್ದೇನೆ. ನಿನ್ನೆ ಕನ್ನಡಿ ಮುಂದೆ ನಾನೇ ಬಾಯಿಗೆ ಅಡಿಕೆಯಷ್ಟು ದೊಡ್ಡ ಮರದ ಉಂಡೆ ಇಟ್ಟುಕೊಂಡು ನೋಡಿದೆ. ಅದೇ ಹೊತ್ತಿಗೆ ಒಬ್ಬರು ಕಪಾಟು ಮಾಡಿಸಲು ಬಂದರು. ನನ್ನ ಮುಖ ನೋಡಿ, ಪಾಪ, ಇನ್ನೊಂದು ದಿನ ಬರುತ್ತೇನೆಂದು ಹೋದರು.

ಅಕ್ಕ, ಒಂದು ಮಾತು ಹೇಳಬೇಕು. ನನ್ನ ಕೆಲಸ ನೋಡಿ ಜನ ನಗುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ, ಆಮೇಲೆ ಮಾಮೂಲಿ ಕಪಾಟೇ ಮಾಡಿಸಿಕೊಂಡು ಹೋಗುತ್ತಾರೆ. ಅಪ್ಪನಂತೂ ಕೊನೆಯವರೆಗೂ, "ಬಾಗಿಲು ಅಂದ್ರೆ ಬಾಗಿಲು ಕಣೋ, ಅದಕ್ಕೆ ಮೂಗ್ಯಾಕೆ?" ಅಂತಲೇ ಹೋದರು. ನೀನು ಕಣ್ಣೊರೆಸಿಕೊಂಡೆ ಎಂದು ಬರೆದದ್ದನ್ನು ಎರಡು ಸಲ ಓದಿದೆ. ನಮ್ಮ ಮನೆಯಲ್ಲಿ ಒಬ್ಬರಿಗಾದರೂ ನನ್ನ ಕೆಲಸ ಅರ್ಥವಾಯಿತು. ಈಗ ಕೆಲಸ ಸಿಗದಿದ್ದರೂ ಚಿಂತೆಯಿಲ್ಲ ಅಂತ ಬರೆಯೋಣ ಅಂದುಕೊಂಡೆ. ಆದರೆ ಸುಳ್ಳಾಗುತ್ತದೆ. ಸಿಗಲೇಬೇಕು ಅಂತ ತುಂಬಾ ಆಸೆಯಿದೆ.

ನಿನ್ನ ತಮ್ಮ


೬ ಮಾರ್ಚ್

ಅಕ್ಕನವರಿಗೆ ನಮಸ್ಕಾರಗಳು.

ಆಸ್ಪತ್ರೆಯಿಂದ ಪತ್ರ ಬಂದಿದೆ. ಏಪ್ರಿಲ್ ಒಂಬತ್ತಕ್ಕೆ ಸಂದರ್ಶನ. ಅರ್ಜಿಯ ಒಂದು ಪ್ರತಿಯನ್ನೂ ಕಳಿಸಿ, ಪ್ರತಿ ಪುಟಕ್ಕೂ ರುಜು ಹಾಕಿ ಹಿಂತಿರುಗಿಸಬೇಕೆಂದು ಕೇಳಿದ್ದಾರೆ. ಹೀಗಾಗಿ ತಾವು ಬರೆದ ಇಂಗ್ಲಿಷನ್ನು ನೋಡುವ ಅವಕಾಶ ನನಗೂ ಸಿಕ್ಕಿತು.

ತಾವು ಪಟ್ಟ ಶ್ರಮಕ್ಕೆ ಕೃತಜ್ಞನಾಗಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ.

ಇಂತಿ


೧೩ ಮಾರ್ಚ್

ಚಿಲಕ,

ಸಂದರ್ಶನಕ್ಕೆ ಕರೆದಿದ್ದಾರೆ ಅಂದರೆ ಅರ್ಧ ಕೆಲಸ ಆದ ಹಾಗೆ! ಕಚೇರಿಯಲ್ಲಿ ಎಲ್ಲರಿಗೂ ಹೇಳಿದೆ. ಆದರೆ ಇದೇನೋ ನಿನ್ನ ಕಾಗದ? 'ತಾವು', 'ಶ್ರಮ', 'ಇಂತಿ'! ನೀರಿನ ತೆರಿಗೆ ಕಚೇರಿಯಿಂದ ಬಂದಿರಬೇಕು ಅಂದುಕೊಂಡು ಕವರು ತಿರುಗಿಸಿ ನೋಡಿದೆ. ವಿಚಿತ್ರವೆಂದರೆ ಒಂದೂ ತಪ್ಪಿರಲಿಲ್ಲ.

ನನಗೆ ಗೊತ್ತು, ನಿನಗೆ ಸಂದರ್ಶನದ ಭಯ. ಐದು ಜನ ಎದುರಿಗೆ ಕೂತು ಇಂಗ್ಲಿಷಿನಲ್ಲಿ ಕೇಳುತ್ತಾರೆ, ಕಿವಿಗೂ ಬೀಳುವುದಿಲ್ಲ, ತಲೆಗೂ ಹೋಗುವುದಿಲ್ಲ ಎಂದು ಒಳಗೊಳಗೇ ನಡುಗುತ್ತಿದ್ದೀಯ. ಕಿವಿಯ ಮಿಷನ್ನನ್ನು ಡಬ್ಬಿಯಲ್ಲಿ ಭದ್ರ ಮಾಡಿದ್ದೀಯಲ್ಲ, ಅದನ್ನು ಹೊರಗೆ ತೆಗೆ. ನಾನು ರಜೆ ಹಾಕಿ ದುಭಾಷಿಯಾಗಿ ಬರುತ್ತೇನೆ. ಸ್ಟೂಲು ಹೊತ್ತುಕೊಂಡು ಬಾ, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ.

ತಕ್ಷಣ ಉತ್ತರ ಬರೆ. ರಜೆಗೆ ಅರ್ಜಿ ಕೊಡಬೇಕು.

ಅಕ್ಕ


೨೨ ಮಾರ್ಚ್

ಪ್ರೀತಿಯ ತಮ್ಮನಿಗೆ,

ಒಂಬತ್ತು ದಿನ ಕಾದೆ. ನಿನಗೆ ಅಪ್ಪ ಸುಮ್ಮನೆ ಚಿಲಕ ಅಂತ ಹೆಸರಿಡಲಿಲ್ಲ. ಬೇಸರವಾದರೆ ಬಾಯಿ ಒಳಗಿನಿಂದ ಹಾಕಿಕೊಂಡುಬಿಡುತ್ತೀಯ, ಹೊರಗಿನವರು ಎಷ್ಟು ತಟ್ಟಿದರೂ ಅಷ್ಟೇ.

ತಪ್ಪು ತಿದ್ದಿ ಕಳಿಸಿದ್ದಕ್ಕಾ? ಹಾಗಿದ್ದರೆ ಕ್ಷಮಿಸು. ಮೂವತ್ತೊಂದು ಎಂದು ಎಣಿಸಿದ್ದು ನನ್ನ ಕೆಟ್ಟ ಬುದ್ಧಿ. ನೀನು ನನಗೆ ಬರೆಯುವ ಕಾಗದಕ್ಕೆ ಇನ್ನು ಮೇಲೆ ಕೆಂಪು ಪೆನ್ನು ಮುಟ್ಟಿಸಿದರೆ ಕೇಳು. ಇನ್ನೇನಾದರೂ ಅಂದೆನಾ? ಫೆಬ್ರವರಿಯಲ್ಲಿ ಏನು ಬರೆದೆ ಎಂದು ನೆನಪು ಮಾಡಿಕೊಂಡು ಮಾಡಿಕೊಂಡು ತಲೆ ಕೆಟ್ಟಿದೆ.

ನಿನ್ನೆ ತಡೆಯಲಾರದೆ ನಿನ್ನ ಹೆಂಡತಿಗೆ ಫೋನ್ ಮಾಡಿದೆ. ಅವಳು, "ಅತ್ತಿಗೆ, ಏನಾಗಿದೆಯೋ ನಂಗೊತ್ತಿಲ್ಲ. ಆ ಸ್ಟೂಲನ್ನ ಬಟ್ಟೆ ಸುತ್ತಿ ಅಟ್ಟದ ಮೇಲೆ ಹಾಕಿದಾರೆ. ಮೂರು ವಾರದಿಂದ ಬರೀ ಕಿಟಕಿ ಚೌಕಟ್ಟು ಮಾಡ್ತಿದಾರೆ. ಯಾಕೆ ಅಂದ್ರೆ 'ನಮ್ಮಕ್ಕನ್ನೇ ಕೇಳು' ಅಂತಾರೆ" ಅಂದಳು.

ಅಕ್ಕನನ್ನು ಕೇಳಿದರೆ ಅಕ್ಕನಿಗೂ ಗೊತ್ತಿಲ್ಲ. ನೀನು ಅಪ್ಪನ ಹಾಗೆ ಚೌಕಟ್ಟು ಮಾಡುತ್ತಿದ್ದೀಯ ಎಂದು ಕೇಳಿ ನನಗೆ ನಿಜವಾಗಿ ಭಯವಾಯಿತು. ಬೈಯುವುದಿದ್ದರೆ ಬೈದುಬಿಡು, ಆದರೆ ಬರೆ.

ಅಕ್ಕ


೨೬ ಮಾರ್ಚ್

ಅಕ್ಕ,

ಬರೆ ಅಂದೆಯಲ್ಲ, ಬರೆಯುತ್ತೇನೆ. ಬೇಕಾದರೆ ತಪ್ಪು ಎಣಿಸು.

ಆಸ್ಪತ್ರೆಯಿಂದ ಅರ್ಜಿಯ ಪ್ರತಿ ಬಂದ ದಿನ ಕೆಲಸ ನಿಲ್ಲಿಸಿ, ಕೈ ತೊಳೆದುಕೊಂಡು ಕೂತೆ. ನನ್ನ ಅಕ್ಕ ನನ್ನ ಬಗ್ಗೆ ಇಂಗ್ಲಿಷಿನಲ್ಲಿ ಏನು ಬರೆದಿದ್ದಾಳೆ ಎಂದು ತಿಳಿಯುವ ಆಸೆ. ನೀನೇ ಕೊಟ್ಟ ಕಿಸೆ ಅರ್ಥಕೋಶ ತೆಗೆದೆ. ಮೊದಲ ಪುಟದಲ್ಲಿ 'ಗೊತ್ತಿಲ್ಲದ್ದನ್ನು ಇದರಲ್ಲಿ ನೋಡು, ನನ್ನ ತಲೆ ತಿನ್ನಬೇಡ' ಎಂದು ನೀನೇ ಬರೆದುಕೊಟ್ಟ ಪುಸ್ತಕ. ಒಂದೊಂದೇ ಪದದ ಮೇಲೆ ಬೆರಳಿಟ್ಟು ಹುಡುಕುತ್ತಾ ಹೋದೆ. ಎರಡು ಪುಟ ದಾಟಲು ಮೂರು ದಿನ ಹಿಡಿಯಿತು, ಆದರೂ ಖುಷಿಯಾಗಿದ್ದೆ.

ಕೊನೆಯ ಪುಟದಲ್ಲಿ, ಸರಿಯಾಗಿ ನನ್ನ ರುಜುವಿನ ನೆತ್ತಿಯ ಮೇಲೆ, ಕನ್ಸೀಟ್ ಎಂದು ಒಂದು ಪದವಿತ್ತು. ಅರ್ಥಕೋಶ ತೆಗೆದರೆ: ಜಂಬ, ಅಹಂಕಾರ, ಒಣಹೆಮ್ಮೆ. ಇಷ್ಟೇ, ಬೇರೇನೂ ಇಲ್ಲ. ಇಡೀ ವಾಕ್ಯ ಜೋಡಿಸಿದೆ. 'ಈ ಕೆಲಸ ಒಂದು ಜಂಬದ ಮೇಲೆ ವಿಶ್ರಾಂತಿ ಪಡೆಯುತ್ತದೆ. ಪ್ರತಿ ಕಾಲಿಗೂ ಪ್ರತಿ ಕೀಲಿಗೂ ನಾನು ಅದನ್ನು ಹೊತ್ತುಕೊಂಡು ಹೋಗಿದ್ದೇನೆ.' ನಾನೇ ತಪ್ಪು ಓದಿರಬೇಕು ಎಂದು ಬಸ್ ನಿಲ್ದಾಣದ ಹತ್ತಿರದ ಟೈಪಿಂಗ್ ಅಂಗಡಿಯವರ ಬಳಿ ಹೋದೆ. ಅವರು ಕನ್ನಡಕ ಏರಿಸಿಕೊಂಡು, "ವಿಶ್ರಾಂತಿ ಅಲ್ಲ ಸಾರ್, 'ನಿಂತಿದೆ' ಅಂತ. ಜಂಬ ಮಾತ್ರ ಜಂಬಾನೇ. ಇಪ್ಪತ್ತು ವರ್ಷದಿಂದ ಟೈಪ್ ಮಾಡ್ತಿದೀನಿ, ನಂಗೊತ್ತಿಲ್ವಾ?" ಅಂದರು.

ನಾನು ಅಪ್ಪನ ಕಾರ್ಖಾನೆ ಬಿಟ್ಟು ಹೊರಟ ದಿನ ನೀನು ಬಾಗಿಲಲ್ಲಿ ನಿಂತು, "ಹೋಗು ಜಂಬದ ಕೋಳಿ, ಎಲ್ಲಿಗೆ ಹಾರ್ತೀಯೋ ನಾನೂ ನೋಡ್ತೀನಿ" ಅಂದಿದ್ದೆ. ಹದಿನಾರು ವರ್ಷವಾಯಿತು. ಸಿಟ್ಟಿನಲ್ಲಿ ಅಂದದ್ದು, ಮರೆತಿರುತ್ತೀಯ ಅಂದುಕೊಂಡಿದ್ದೆ. ಮರೆತಿರಲಿಲ್ಲ ಅಲ್ಲವಾ? ಆ ದಿನ ನೀನು ಮುಖಕ್ಕೆ ಹೇಳಿದ್ದೆ, ಅದನ್ನು ನಾನು ತಡೆದುಕೊಂಡೆ. ಈಗ ನನಗೆ ಗೊತ್ತಿಲ್ಲದ ಭಾಷೆಯಲ್ಲಿ, ಗುರುತಿಲ್ಲದ ಜನರ ಮುಂದೆ, ನನ್ನದೇ ರುಜುವಿನ ಮೇಲೆ ಹೇಳಿದೆ. ಆಮೇಲೆ ಅದನ್ನೇ ಮೂರು ಸಲ ಓದಿಕೊಂಡೆ ಎಂದು ನನಗೇ ಬರೆದೆ. ಕಣ್ಣೊರೆಸಿಕೊಂಡೆ ಎಂದೂ ಬರೆದೆ. ನಾನು ಅದನ್ನು ನಂಬಿ ಮನೆಯವರಿಗೆಲ್ಲ ಓದಿ ಹೇಳಿದ್ದೆ.

ಕಳೆದ ವಾರ ಟೈಪಿಂಗಿನವರಿಂದ ಸಮಿತಿಗೆ ಒಂದು ಕಾಗದ ಮಾಡಿಸಿ ಕಳಿಸಿದ್ದೇನೆ. 'ಅರ್ಜಿಯಲ್ಲಿರುವ ಕನ್ಸೀಟ್ ನನ್ನದಲ್ಲ. ಅದು ನನ್ನ ಅಕ್ಕನದು. ನನ್ನ ಹೆಸರನ್ನು ದಯವಿಟ್ಟು ತೆಗೆದುಹಾಕಿ.' ಇನ್ನು ನಿನಗೆ ರಜೆ ಹಾಕುವ ತೊಂದರೆಯಿಲ್ಲ.

ನಿನ್ನ ತಮ್ಮ


೩೦ ಮಾರ್ಚ್

ಅಯ್ಯೋ ದಡ್ಡ, ಅಯ್ಯೋ ನನ್ನ ತಮ್ಮ,

ನಿನ್ನ ಕಾಗದ ಓದಿ ಮೊದಲು ಅತ್ತೆ. ಆಮೇಲೆ ನಕ್ಕೆ. ನಕ್ಕಿದ್ದಕ್ಕೆ ನಾಚಿಕೆಯಾಗಿ ಮತ್ತೆ ಅತ್ತೆ. ಈಗ ಮೂಗು ಒರೆಸಿಕೊಂಡು ಬರೆಯುತ್ತಿದ್ದೇನೆ. ಪೂರ್ತಿ ಓದದೆ ಎಲ್ಲಿಗೂ ಏಳಬೇಡ.

ಆ ಪದಕ್ಕೆ ಎರಡು ಅರ್ಥ ಕಣೋ. ಮೊದಮೊದಲು ಅದಕ್ಕೆ 'ಮನಸ್ಸಿನಲ್ಲಿ ಹುಟ್ಟಿದ್ದು' ಎಂದಷ್ಟೇ ಅರ್ಥವಿತ್ತು. ಹೋಗ್ತಾ ಹೋಗ್ತಾ ಅದು ಎರಡು ದಾರಿ ಹಿಡಿಯಿತು. ಮನುಷ್ಯ ತನ್ನ ಬಗ್ಗೆಯೇ ಕಲ್ಪಿಸಿಕೊಂಡದ್ದು ಜಂಬವಾಯಿತು. ಲೋಕದ ಬಗ್ಗೆ ಕಲ್ಪಿಸಿಕೊಂಡದ್ದು ಚಮತ್ಕಾರವಾಯಿತು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ವಸ್ತುಗಳನ್ನು ತಂದು ಜೋಡಿಸಿ, ಆ ಜೋಡಣೆಯನ್ನು ಹಟ ಹಿಡಿದು ಕೊನೆಯವರೆಗೆ ನಡೆಸಿಕೊಂಡು ಹೋಗುವ ಕಲ್ಪನೆಗೂ ಕನ್ಸೀಟ್ ಎನ್ನುತ್ತಾರೆ. ಮುಖ ಚಂದ್ರನ ಹಾಗಿದೆ ಎಂದು ಯಾರು ಬೇಕಾದರೂ ಹೇಳಿಬಿಡಬಹುದು. ಕುರ್ಚಿಯೂ ಒಬ್ಬ ರೋಗಿ ಎಂದು ಶುರು ಮಾಡಿ, ಅದರ ಕಾಲಿಗೆ ಬ್ಯಾಂಡೇಜು ಸುತ್ತಿ, ಕೆನ್ನೆ ಊದಿಸಿ, ಕೀಲು ಕೀಲಿಗೂ ಒಂದು ಕಾಯಿಲೆ ಕೊಡುವುದು ಎಲ್ಲರಿಗೂ ಬರುವುದಿಲ್ಲ. ನಾನು ಬರೆದದ್ದು ಅದನ್ನೇ. 'ಈ ಕೆಲಸ ಒಂದು ಕಲ್ಪನೆಯ ಮೇಲೆ ನಿಂತಿದೆ. ಪ್ರತಿ ಕಾಲಿನಲ್ಲೂ ಪ್ರತಿ ಕೀಲಿನಲ್ಲೂ ಅದನ್ನು ನಡೆಸಿಕೊಂಡು ಹೋಗಿದ್ದೇನೆ.' ನಿನ್ನನ್ನು ಹೊಗಳಲು ನನಗೆ ಇದಕ್ಕಿಂತ ದೊಡ್ಡ ಮಾತು ಸಿಗಲಿಲ್ಲ.

ಹಾಗಾದರೆ ಅರ್ಥಕೋಶದಲ್ಲಿ ಯಾಕಿಲ್ಲ ಎಂದು ಕೇಳುತ್ತೀಯ. ನಾನೂ ಅದನ್ನೇ ಕೇಳಿಕೊಂಡು ಕಚೇರಿಯ ಹಳೆಯ ಕಪಾಟು ತೆಗೆಸಿ, ಕಿಸೆ ಆವೃತ್ತಿಯ ಕರಡು ಹುಡುಕಿದೆ. ದೊಡ್ಡ ಕೋಶದಲ್ಲಿ ಎರಡೂ ಅರ್ಥಗಳಿವೆ. ಕಿಸೆ ಕೋಶದ ಕರಡಿನಲ್ಲೂ ಇದ್ದವು. ಆದರೆ ಆ ಪುಟ ಎರಡು ಸಾಲು ಉದ್ದವಾಗಿತ್ತು. ಯಾರೋ ಎರಡನೆಯ ಅರ್ಥದ ಮೇಲೆ ಕೆಂಪು ಗೆರೆ ಎಳೆದು, ಅಂಚಿನಲ್ಲಿ 'ಬೇಡ, ಇದು ಯಾರಿಗೆ ಬೇಕು' ಎಂದು ಬರೆದಿದ್ದಾರೆ. ಆ ಯಾರೋ ನಾನೇ. ನನ್ನದೇ ಕೈಬರಹ. ಕುರ್ಚಿ ಎಳೆದುಕೊಂಡು ಅಲ್ಲೇ ಕೂತುಬಿಟ್ಟೆ. ಇಡೀ ಪ್ರಪಂಚದಲ್ಲಿ ಆ ಅರ್ಥ ಬೇಕಾಗಿದ್ದ ಒಬ್ಬ ಮನುಷ್ಯ ನನ್ನ ತಮ್ಮ.

ಈಗ ಇನ್ನೊಂದು ವಿಷಯ, ಇದನ್ನು ಮುಚ್ಚಿಡಬಹುದಿತ್ತು. 'ಐಡಿಯಾ' ಎಂದು ಬರೆದಿದ್ದರೂ ಕೆಲಸ ನಡೆಯುತ್ತಿತ್ತು. ಟೈಪಿಂಗಿನವರಿಗೂ ಗೊತ್ತಾಗುತ್ತಿತ್ತು, ನಿನಗೂ ಗೊತ್ತಾಗುತ್ತಿತ್ತು. ಇಷ್ಟು ವರ್ಷ ಬೇರೆಯವರು ಬರೆದದ್ದನ್ನೇ ತಿದ್ದಿಕೊಂಡು ಬಂದವಳು ನಾನು. ಆ ಸಮಿತಿಯ ವಿದ್ವಾಂಸರಿಗೆ ಈ ಹೆಂಗಸಿಗೂ ಹಳೆಯ ಇಂಗ್ಲಿಷ್ ಗೊತ್ತು ಎಂದು ತೋರಿಸಿಕೊಳ್ಳುವ ಚಪಲ ಬಂತು. ಅದಕ್ಕೇ ಆ ಪದ ಹಾಕಿದೆ, ಅದಕ್ಕೇ ಮೂರು ಸಲ ಓದಿಕೊಂಡೆ. ನೀನು ಸಮಿತಿಗೆ ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಜಂಬ ನನ್ನದೇ.

ಹದಿನಾರು ವರ್ಷದ ಹಿಂದಿನದೂ ಹಾಗೇ. ನಾನು ಮರೆತಿಲ್ಲ. ಆ ದಿನ ನಿನಗೆ ಜಂಬವಿರಲಿಲ್ಲ, ನನಗೆ ಹೊಟ್ಟೆಕಿಚ್ಚಿತ್ತು. ನಿನಗೆ ಬೇಕಾದದ್ದು ಏನೆಂದು ನಿನಗೆ ಗೊತ್ತಿತ್ತು, ಅದಕ್ಕಾಗಿ ಮನೆ ಬಿಡುವ ಧೈರ್ಯವೂ ಇತ್ತು. ನನಗೆ ಎರಡೂ ಇರಲಿಲ್ಲ. ಕ್ಷಮಿಸು ಎಂದು ಆಗಲೇ ಕೇಳಬೇಕಿತ್ತು, ಈಗ ಕೇಳುತ್ತಿದ್ದೇನೆ.

ಇಷ್ಟಕ್ಕೇ ಮುಗಿಯಲಿಲ್ಲ, ನಗುವ ವಿಷಯವೋ ಅಳುವ ವಿಷಯವೋ ನೀನೇ ಹೇಳು. ಇವತ್ತು ಮಧ್ಯಾಹ್ನ ಸಮಿತಿಯ ಕಾರ್ಯದರ್ಶಿಗೆ ಫೋನ್ ಮಾಡಿದೆ. ಆಕೆ ನನ್ನ ದನಿ ಕೇಳಿ ಸಂತೋಷಪಟ್ಟರು! ನಿನ್ನ ಕಾಗದವನ್ನು ಅವರು ಹೇಗೆ ಓದಿದ್ದಾರೆ ಗೊತ್ತಾ? 'ಅರ್ಜಿಯಲ್ಲಿರುವ ಕಲ್ಪನೆ ನನ್ನದಲ್ಲ. ಅದು ನನ್ನ ಅಕ್ಕನದು.' ಎಂಥ ಪ್ರಾಮಾಣಿಕ ಬಡಗಿ ಎಂದು ಸಭೆಯಲ್ಲಿ ಮೆಚ್ಚಿ ಮಾತಾಡಿದ್ದಾರಂತೆ. ನಿನ್ನ ಹೆಸರು ತೆಗೆದು, ಫೋನಿನಲ್ಲೇ ನನ್ನ ಹೆಸರು ಕೇಳಿ ಬರೆದುಕೊಂಡರು. ಒಂಬತ್ತನೇ ತಾರೀಕು ಸಂದರ್ಶನಕ್ಕೆ ನನ್ನನ್ನು ಕರೆದಿದ್ದಾರೆ! ಒಂದು ಮೊಳೆ ನೆಟ್ಟಗೆ ಹೊಡೆಯಲು ಬಾರದ ನನ್ನನ್ನು!

ಇಲ್ಲ ತಾಯಿ, ಅದು ನನ್ನ ತಮ್ಮನದೇ, ಪದದಿಂದ ಆದ ಗೊಂದಲ ಎಂದು ಅರ್ಧ ಗಂಟೆ ಬಿಡಿಸಿ ಹೇಳಿದೆ. ಹೇಳಿದಷ್ಟೂ ಅವರ ಅನುಮಾನ ಜಾಸ್ತಿಯಾಯಿತು. ತಮ್ಮನಿಗಾಗಿ ಅಕ್ಕ ತ್ಯಾಗ ಮಾಡುತ್ತಿದ್ದಾಳೆ ಅಂದುಕೊಂಡರೋ ಏನೋ. ಕೊನೆಗೆ, ಇಬ್ಬರೂ ಬನ್ನಿ, ಯಾರದೆಂದು ಸಮಿತಿಯೇ ತಿಳಿದುಕೊಳ್ಳುತ್ತದೆ ಅಂದರು. ನೀನು ಬರದಿದ್ದರೆ ನಿನ್ನ ಕುರ್ಚಿಗಳು ನನ್ನ ಹೆಸರಿನಲ್ಲಿ ಹೋಗುತ್ತವೆ, ಇಲ್ಲದಿದ್ದರೆ ಹೋಗುವುದೇ ಇಲ್ಲ. ಎರಡೂ ಆಗಬಾರದು. ಬಾ.

ನಿನ್ನ ಜಂಬದ ಅಕ್ಕ


೩ ಏಪ್ರಿಲ್

ಅಕ್ಕ,

ಕಾಗದವನ್ನು ನಿಂತುಕೊಂಡೇ ಓದಿದೆ. ಓದಿ ಮುಗಿಸಿ, ಏಣಿ ಹಾಕಿ, ಸ್ಟೂಲನ್ನು ಅಟ್ಟದಿಂದ ಇಳಿಸಿದೆ. ನನ್ನವಳು ಏನಾಯಿತು ಅಂದಳು. ಹೇಳಲು ಹೋದರೆ ನಗು ಬಂದು ಮಾತೇ ಹೊರಡಲಿಲ್ಲ. ಅವಳೇ ಕಾಗದ ಕಿತ್ತುಕೊಂಡು ಓದಿ, "ನೀವಿಬ್ರೂ ಒಂದೇ ಊರಲ್ಲಿದ್ದಿದ್ರೆ ಇದು ಐದು ನಿಮಿಷದ ಜಗಳ" ಅಂದಳು.

ಒಂದು ತಿಂಗಳಿಂದ ಎದೆಯ ಮೇಲೆ ಒಂದು ಹಲಗೆ ಇಟ್ಟ ಹಾಗಿತ್ತು, ಈಗ ಇಲ್ಲ. ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಕಿಟಕಿ ಚೌಕಟ್ಟುಗಳನ್ನು ನೋಡಿದರೆ ನನಗೇ ಅಯ್ಯೋ ಅನಿಸುತ್ತದೆ. ಅವು ನೆಟ್ಟಗಿವೆ, ಅಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದರು.

ನನಗೂ ಒಂದು ನಾಚಿಕೆಯಿದೆ. ಅರ್ಥಕೋಶ ಒಂದು ಹೇಳಿತು, ನೀನು ಫೆಬ್ರವರಿಯಲ್ಲಿ ಇನ್ನೊಂದು ಹೇಳಿದ್ದೆ. ನಾನು ಅರ್ಥಕೋಶವನ್ನು ನಂಬಿದೆ. ಒಂದು ಕಾಗದ ಬರೆದು 'ಇದೇನಕ್ಕ?' ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲು ಮನಸ್ಸು ಬರಲಿಲ್ಲ, ಹೌದು ಅಂದುಬಿಟ್ಟರೆ ಎಂದು ಹೆದರಿಕೆ. ಆ ಕೋಳಿ ಮಾತನ್ನು ಇನ್ನು ಬಿಟ್ಟುಬಿಡೋಣ. ನೀನು ಕ್ಷಮೆ ಕೇಳಿದ್ದು ನನಗೆ ಸಾಕು.

ಆದರೆ ಸಂದರ್ಶನದ ಭಯ ಇದೆ ಅಂದಿದ್ದೆಯಲ್ಲ, ಆಗ ಇರಲಿಲ್ಲ, ಈಗ ಇದೆ. ನನ್ನದೇ ಎಂದು ಹೇಗೆ ಸಾಬೀತು ಮಾಡಲಿ? ಏಳನೇ ತಾರೀಕಿನ ಬಸ್ಸಿಗೆ ಹೊರಡುತ್ತೇನೆ. ಕಿವಿಯ ಮಿಷನ್ನು ಹಾಕಿದರೆ ಕುಯ್ ಎನ್ನುತ್ತದೆ, ಆದರೂ ತರುತ್ತೇನೆ. ನೀನು ಪಕ್ಕದಲ್ಲಿ ಇರುತ್ತೀಯಲ್ಲ.

ನಿನ್ನ ತಮ್ಮ


೧೧ ಏಪ್ರಿಲ್

ಚಿಲಕ,

ಸುಖವಾಗಿ ತಲುಪಿದೆಯಾ? ನಿನ್ನನ್ನು ಬಸ್ಸು ಹತ್ತಿಸಿ ಬಂದಾಗಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ಪಕ್ಕದಲ್ಲಿರುತ್ತೇನೆ ಅಂದವಳನ್ನು ಅವರು ಎರಡೇ ನಿಮಿಷಕ್ಕೆ ಹೊರಗೆ ಕಳಿಸುತ್ತಾರೆ ಎಂದು ನನಗೇನು ಗೊತ್ತು? ಅಕ್ಕ ಇದ್ದರೆ ಅಕ್ಕನೇ ಉತ್ತರ ಹೇಳುತ್ತಾಳೆ ಅಂದುಕೊಂಡಿರಬೇಕು. ಅವರು ಅಂದುಕೊಂಡದ್ದು ಸರಿ, ಹೇಳುತ್ತಿದ್ದೆ. ನಾನು ಎದ್ದು ಹೋಗುವಾಗ ನೀನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಶಾಲೆಯ ಮೊದಲ ದಿನ ನಿನ್ನನ್ನು ಬಿಟ್ಟು ಬಂದಾಗಲೂ ನೀನು ಹಾಗೆ ನೋಡಿರಲಿಲ್ಲ.

ಹೊರಗಿನ ಉದ್ದನೆಯ ಓಣಿಯಲ್ಲಿ ಕಬ್ಬಿಣದ ಕುರ್ಚಿಗಳು. ಒಂದು ಮಗು ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿ ಕೂತಿತ್ತು. ನಲವತ್ತು ನಿಮಿಷ ಅದರ ಪಕ್ಕದಲ್ಲೇ ಕೂತೆ. ಆಮೇಲೆ ಒಳಗಿನಿಂದ ನಗು ಕೇಳಿಸಿತು, ಒಬ್ಬರದಲ್ಲ, ಎಲ್ಲರದೂ. ಕಿವಿ ಕೇಳದ, ಇಂಗ್ಲಿಷ್ ಬಾರದ ನನ್ನ ತಮ್ಮನನ್ನು ಒಳಗೆ ಕೂರಿಸಿಕೊಂಡು ನಗುತ್ತಿದ್ದಾರೆ ಎಂದು ಬಾಗಿಲು ನೂಕಲು ಎದ್ದೇ ಬಿಟ್ಟೆ. ಅಷ್ಟರಲ್ಲಿ ನೀನೇ ಹೊರಗೆ ಬಂದೆ, ಮುಖ ಕೆಂಪಗೆ. "ಏನಂದ್ರೋ?" ಅಂದೆ. "ಆಮೇಲೆ ಬರೀತೀನಿ" ಅಂದೆ ನೀನು. ಬಸ್ಸಿನವರೆಗೂ ತುಟಿ ಬಿಚ್ಚಲಿಲ್ಲ.

ಅವರು ಯಾಕೆ ನಕ್ಕರು? ಏನೇ ಆಗಿದ್ದರೂ ನನಗೆ ಹೇಳು. ಕೆಲಸ ಹೋದರೆ ಹೋಗಲಿ, ನಿನಗೆ ಅವಮಾನವಾಗಿದ್ದರೆ ಮಾತ್ರ ಆ ಕಾರ್ಯದರ್ಶಿಗೆ ನಾನು ಎಂಥ ಇಂಗ್ಲಿಷಿನಲ್ಲಿ ಕಾಗದ ಬರೆಯುತ್ತೇನೆ ನೋಡುತ್ತಿರು. ಒಂದೇ ಅರ್ಥದ ಪದಗಳನ್ನೇ ಹಾಕುತ್ತೇನೆ.

ಅಕ್ಕ


೧೯ ಏಪ್ರಿಲ್

ಅಕ್ಕ,

ತಡವಾಯಿತು. ಸಮಿತಿಯ ಪತ್ರ ಬರಲಿ, ಎರಡನ್ನೂ ಒಟ್ಟಿಗೆ ಬರೆಯೋಣ ಎಂದು ಕಾದೆ. ಇವತ್ತು ಬಂತು. ಇಡೀ ಹಾಲ್ ನನಗೆ ಕೊಟ್ಟಿದ್ದಾರೆ. ಹನ್ನೆರಡು ಬೆಂಚು, ಇಪ್ಪತ್ತು ಸ್ಟೂಲು, ಎರಡು ತೂಗುಕುರ್ಚಿ. ಹೆಸರಿನ ಜಾಗದಲ್ಲಿ ನನ್ನ ಹೆಸರಿದೆ, ಒಂದೂ ತಪ್ಪಿಲ್ಲದೆ. ನನ್ನವಳು ಪಕ್ಕದ ಮನೆಗೆ ಹೇಳಲು ಓಡಿದ್ದಾಳೆ. ನೀನು ಈಗ ಒಂದು ಸಲ ಎದ್ದು, ನೀರು ಕುಡಿದು ಬಾ, ಆಮೇಲೆ ಮುಂದೆ ಓದು.

ಆ ದಿನ ಬಸ್ಸಿನವರೆಗೂ ಮಾತಾಡದಿದ್ದದ್ದು ಅವಮಾನದಿಂದಲ್ಲ. ಬಾಯಿ ಬಿಟ್ಟರೆ ಅತ್ತುಬಿಡುತ್ತಿದ್ದೆ, ಅಷ್ಟು ಜನರ ಮಧ್ಯೆ ಬೇಡ ಅನಿಸಿತು. ಈಗ ಮನೆಯಲ್ಲಿ ಯಾರೂ ಇಲ್ಲ, ಬರೆಯುತ್ತೇನೆ.

ನೀನು ಹೊರಗೆ ಹೋದ ಕೂಡಲೇ ಕಿವಿಯ ಮಿಷನ್ನು ಕುಯ್ ಅಂದಿತು. ತೆಗೆದು ಜೇಬಿಗೆ ಹಾಕಿಕೊಂಡೆ. ಐದು ಜನರ ಬಾಯಿ ಆಡುವುದು ಕಾಣಿಸುತ್ತಿತ್ತು, ಅಷ್ಟೇ. ಮಧ್ಯದಲ್ಲಿ ಕೂತಿದ್ದ ಬಿಳಿ ಕೂದಲಿನ ಡಾಕ್ಟರಮ್ಮನಿಗೆ ಗೊತ್ತಾಯಿತು. ಅವರು ಎಲ್ಲರನ್ನೂ ಸುಮ್ಮನಿರಿಸಿ, ಒಂದು ಕಾಗದದ ಕಟ್ಟನ್ನೂ ಪೆನ್ಸಿಲನ್ನೂ ನನ್ನ ಮುಂದೆ ತಳ್ಳಿದರು. ಬಾಗಿಲ ಪಕ್ಕದಲ್ಲಿ ಕೋಟು ನೇತುಹಾಕುವ ಕಂಬ ಒಂದಿತ್ತು. ಅದನ್ನು ತೋರಿಸಿ, ಕೈಯನ್ನು ಹೀಗೆ ತಿರುಗಿಸಿದರು, ಇದಕ್ಕೇನು ಮಾಡುತ್ತೀಯ ಎಂದು.

ಪೆನ್ಸಿಲು ಕೈಗೆ ಬಂದ ಮೇಲೆ ಭಯ ಎಲ್ಲಿ ಹೋಯಿತೋ ಗೊತ್ತಿಲ್ಲ. ಕಂಬದ ಕೊಕ್ಕೆಗಳನ್ನು ಮೇಲೆತ್ತಿದ ಕೈಗಳನ್ನಾಗಿ ಮಾಡಿದೆ. ಡಾಕ್ಟರು ಎದೆ ಪರೀಕ್ಷೆ ಮಾಡುವಾಗ ಅಂಗಿ ಎತ್ತಿಕೊಂಡು ನಿಂತ ಮಗುವಿನ ಹಾಗೆ. ಬಾಗಿಲ ಹಿಡಿಕೆಯನ್ನು ಹೊರಚಾಚಿದ ನಾಲಿಗೆ ಮಾಡಿದೆ. ಗಡಿಯಾರವನ್ನು ಜ್ವರ ನೋಡುವ ಕೊಳವೆ ಕಚ್ಚಿಕೊಂಡ ದುಂಡು ಮುಖ ಮಾಡಿದೆ. ಒಂದಾದ ಮೇಲೆ ಒಂದು ಹಾಳೆ ಹರಿದು ಕೊಟ್ಟೆ. ಅವರು ಸುತ್ತ ಬಂದು ನನ್ನ ಬೆನ್ನ ಹಿಂದೆ ನಿಂತುಕೊಂಡರು. ಅಪ್ಪ ಕಂಡಿದ್ದರೆ ಏನನ್ನುತ್ತಿದ್ದರೋ, ಆ ಕೋಣೆಯಲ್ಲಿ ಮೂಗಿಲ್ಲದ ವಸ್ತು ಒಂದೂ ಉಳಿಯಲಿಲ್ಲ.

ಕೊನೆಗೆ ಡಾಕ್ಟರಮ್ಮ ನನ್ನ ಕೈಯಿಂದ ಪೆನ್ಸಿಲು ತೆಗೆದುಕೊಂಡು, ಖಾಲಿ ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಪದ ಬರೆದು, ಮುಂದೆ ಒಂದು ಪ್ರಶ್ನೆಚಿಹ್ನೆ ಹಾಕಿ, ನನ್ನ ಕಡೆ ತಿರುಗಿಸಿದರು. ಇಂಗ್ಲಿಷಿನಲ್ಲಿ ನನಗೆ ನೋಡಿದ ಕೂಡಲೇ ಗುರುತು ಹತ್ತುವ ಪದ ಇರುವುದೇ ಅದೊಂದು. ಏಳು ಅಕ್ಷರ. ಮೂರು ವಾರ ಅದನ್ನೇ ದಿಟ್ಟಿಸಿಕೊಂಡು ಊಟ ಬಿಟ್ಟವನು ನಾನು.

ಅವರು ಯಾವ ಅರ್ಥದಲ್ಲಿ ಕೇಳಿದರೋ ನನಗೆ ತಿಳಿಯದು. ಚಮತ್ಕಾರ ಯಾರದು ಅಂದರೋ, ಜಂಬ ಯಾರದು ಅಂದರೋ. ಯೋಚಿಸಲು ಹೋಗಲಿಲ್ಲ. ಎದ್ದು ನಿಂತು, ಎರಡೂ ಕೈಗಳನ್ನು ಎದೆಯ ಮೇಲೆ ಇಟ್ಟುಕೊಂಡು, ಕನ್ನಡದಲ್ಲಿ, ನನ್ನ ಕಿವಿಗೂ ಕೇಳಿಸುವಷ್ಟು ಜೋರಾಗಿ ಹೇಳಿದೆ: "ನಂದು. ಪೂರ್ತಿ ನಂದೇ."

ಅದಕ್ಕೇ ಅಕ್ಕ ಅವರು ನಕ್ಕದ್ದು. ಡಾಕ್ಟರಮ್ಮ ಬಂದು ನನ್ನ ಕೈ ಕುಲುಕಿದರು. ನೀನು ಬಾಗಿಲ ಆಚೆ ಕೇಳಿಸಿಕೊಂಡು ಹೆದರಿದ್ದು ಆ ನಗುವಿಗೇ.

ನಿನ್ನ ತಮ್ಮ